ಚೌಕಾಸಿ ಇಲ್ಲದೆ ಬಂದ ಐಸ್ ಕ್ರೀಮ್ ಗಾಡಿ

ಹಾನುಬಾಳು ಹೋಬಳಿಯಲ್ಲಿ ಆನೆ, ಕಾಫಿ ರೇಟು ಮತ್ತು ರಸ್ತೆ ಗುಂಡಿಗಳ ಪಕ್ಕದಲ್ಲೇ ನಿಲ್ಲಿಸಿ ಗಂಭೀರವಾಗಿ ಚರ್ಚಿಸಬೇಕಾದ ಸಂಗತಿಯೊಂದು ಕಳೆದ ಫೆಬ್ರವರಿಯಲ್ಲಿ ನಡೆಯಿತು. ಸಕಲೇಶಪುರದ ವ್ಯಾಪಾರಿ ಮಹಾದೇವಯ್ಯನವರು, ಯಾರ ಬಲವಂತವೂ ಇಲ್ಲದೆ, ಪೂರ್ಣ ಎಚ್ಚರದಲ್ಲಿದ್ದಾಗಲೇ, ಒಂದು ಹಳೆಯ ಐಸ್ ಕ್ರೀಮ್ ಗಾಡಿಯ ಬೆಲೆಯಲ್ಲಿ ಹತ್ತು ಸಾವಿರ ರೂಪಾಯಿ ಬಿಟ್ಟರು.

ಕೊಳ್ಳಲು ಹೋಗಿದ್ದ ಧರ್ಮ ಇದಕ್ಕೆ ತಯಾರಾಗಿರಲಿಲ್ಲ. ಅವರು ಎರಡೂವರೆ ಲಕ್ಷ ಎಂದರೆ ತಾನು ಎರಡು ಎನ್ನುವುದು, ಆಗಲ್ಲ ಎಂದರೆ ಎದ್ದು ಬಾಗಿಲ ತನಕ ಹೋಗುವುದು, ಕರೆದರೆ ಬೇಸರದ ಮುಖ ಮಾಡಿಕೊಂಡು ವಾಪಸು ಬರುವುದು, ಇದನ್ನೆಲ್ಲ ಬಸ್ಸಿನಲ್ಲಿ ಕೂತು ಅಭ್ಯಾಸ ಮಾಡಿಕೊಂಡೇ ಬಂದಿದ್ದ. ಆದರೆ "ಸ್ವಲ್ಪ ನೋಡಿ ಹೇಳಿ" ಎಂದು ಬಾಯಿ ತೆರೆಯುವಷ್ಟರಲ್ಲೇ ಮಹಾದೇವಯ್ಯನವರು "ಆಯ್ತಪ್ಪ, ಹತ್ತು ಬಿಟ್ಟೆ. ಸಂತೋಷನಾ?" ಎಂದುಬಿಟ್ಟರು. ಓಡಿ ಬಸ್ಸು ಹಿಡಿಯಲು ಹೊರಟವನ ಮುಂದೆ ಬಸ್ಸೇ ರಿವರ್ಸ್ ಬಂದು ನಿಂತಂತಾಯಿತು. ಹತ್ತಲು ಧೈರ್ಯ ಬರಲಿಲ್ಲ.

ಅನುಮಾನ ಧರ್ಮನಿಗೆ ರೋಗವಲ್ಲ, ಕಸುಬು. ಹತ್ತೊಂಬತ್ತು ವರ್ಷ ಎಸ್ಟೇಟಿನಲ್ಲಿ ರೈಟರ್ ಆಗಿ, ಆಳುಗಳು ಕುಯ್ದು ತಂದ ಕಾಫಿ ಹಣ್ಣಿನ ಚೀಲ ತೂಗಿಸಿ ಬರೆದುಕೊಂಡವನು ಅವನು. ಎಸ್ಟೇಟು ಕೈ ಬದಲಾಗಿ, ಹೊಸ ಮಾಲೀಕರು ತೂಕವನ್ನೂ ಅನುಮಾನವನ್ನೂ ಒಟ್ಟಿಗೆ ಕಂಪ್ಯೂಟರಿಗೆ ಒಪ್ಪಿಸಿದ ಮೇಲೆ ಧರ್ಮನ ಕೈಗೆ ಒಂದಷ್ಟು ಇಡಿಗಂಟು ಬಂದಿತ್ತು. ಅದರಲ್ಲಿ ಮುಕ್ಕಾಲು ಪಾಲು, ಅಂದರೆ ಅರವತ್ತು ಸಾವಿರ, ಗಾಡಿಗೆ ಮುಂಗಡ ಹೋಯಿತು. ಉಳಿದದ್ದು ಕಂತಿನ ಮೇಲೆ.

ಮುಂಗಡ ಕೊಟ್ಟ ಕೈಯಲ್ಲೇ ಅವನು ಕರಾರೂ ಬರೆದ. ಭಾನುವಾರ ಒಂದು ದಿನ ಗಾಡಿ ಓಡಿಸಿ ನೋಡುವುದು. ನಾನ್ನೂರು ಐಸ್ ಕ್ರೀಮ್ ಮಹಾದೇವಯ್ಯನವರೇ ಸಾಲದ ಮೇಲೆ ತುಂಬಿಸುವುದು. ಸಂಜೆ ಆರರೊಳಗೆ ಅರ್ಧಕ್ಕಿಂತ ಕಡಿಮೆ ಮಾರಾಟವಾದರೆ ಗಾಡಿ ವಾಪಸು, ಉಳಿದ ಸರಕು ವಾಪಸು, ಮುಂಗಡವೂ ವಾಪಸು. ಅರ್ಧ ದಾಟಿದರೆ ಗಾಡಿ ಧರ್ಮನದು, ಸರಕಿನ ದುಡ್ಡು ಅವನ ತಲೆಗೆ. ಮಹಾದೇವಯ್ಯನವರು ಓದದೆಯೇ ಸಹಿ ಹಾಕಿದರು. ಧರ್ಮನ ಅನುಮಾನ ಇನ್ನೊಂದು ಮೊಳ ಬೆಳೆಯಿತು.

ಭಾನುವಾರ ಬೆಳಿಗ್ಗೆ ಗಾಡಿ ಹಾನುಬಾಳಿಗೆ ಬಂದು ಮನೆ ಮುಂದೆ ನಿಂತಿದ್ದೇ ತಡ, ಪಕ್ಕದ ಮನೆಯ ಸೋಮಯ್ಯ ಹಲ್ಲುಜ್ಜುತ್ತಾ ಹಾಜರಾದರು. ಸರ್ಕಾರಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದು ರಿಟೈರಾದ ಮನುಷ್ಯ. ಪ್ರತಿಯೊಬ್ಬನೂ ಟಿಕೆಟ್ ಇಲ್ಲದೆ ಹತ್ತಿದ್ದಾನೆ ಎಂಬುದೇ ಅವರ ಜೀವನ ದೃಷ್ಟಿ.

"ರೈಟ್ರೆ, ಮಾದೇವಯ್ಯ ಹತ್ ಸಾವ್ರ ಬುಟ್ರಂತೆ?"

"ಹೂಂ ಸೋಮಣ್ಣ."

"ಸುಮ್ನೆ?"

"ಸುಮ್ನೆ."

"ಹಂಗಾದ್ರೆ ಚಾಸಿ ಬೆಂಡಾಗಿರ್ತದೆ." ಸೋಮಯ್ಯ ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು ಗಾಡಿಯ ಕೆಳಗೆ ತೂರಿದರು. ಐದು ನಿಮಿಷ ಬಿಟ್ಟು ಹೊರಬಂದರು. "ಬೆಂಡಿಲ್ಲ. ಅದೇ ಕಣ್ರೀ ಅನುಮಾನ."

ಅಷ್ಟರಲ್ಲಿ ಧರ್ಮನ ಹೆಂಡತಿ ಶೀಲಾ ಹಿಂದಿನ ಪೆಟ್ಟಿಗೆಯ ಮುಚ್ಚಳ ಎತ್ತಿ ಮೂಗು ಹಾಕಿದ್ದಳು.

"ರೀ, ಮೀನಿನ ವಾಸ್ನೆ."

"ವೆನಿಲಾ ಕಣೇ ಅದು."

"ಮೀನಿನ ವಾಸ್ನೆ ಮುಚ್ಚೋಕೇ ವೆನಿಲಾ ಹಾಕಿರ್ತಾರೆ," ಎಂದು ಅವಳು ಮುಚ್ಚಳ ಹಾಕಿ ಒಳಗೆ ಹೋದಳು. ಅವಳ ಮಟ್ಟಿಗೆ ತನಿಖೆ ಮುಗಿದಿತ್ತು.

ಸೋಮಯ್ಯ ಬಾಯಿ ಮುಕ್ಕಳಿಸಿ, ಶರಟು ಹಾಕಿಕೊಂಡು, ಯಾರೂ ಕರೆಯದಿದ್ದರೂ ಡ್ರೈವರ್ ಪಕ್ಕದ ಸೀಟಿನಲ್ಲಿ ಬಂದು ಕೂತರು. ಕೈಯಲ್ಲಿ ಹಳೆಯ ಕ್ಯಾಲೆಂಡರಿನ ಒಂದು ಹಾಳೆ, ಕಿವಿಯ ಮೇಲೆ ಪೆನ್ನು.

"ಖರ್ಚು ಬರ್ಕಂತೀನಿ. ನೀವು ಓಡ್ಸಿ. ರೈಟ್, ರೈಟ್!"

ಮೊದಲು ಹೋದದ್ದು ಎರಡು ಮೈಲಿ ಆಚೆಯ ಎಸ್ಟೇಟಿನ ಕೂಲಿ ಲೈನಿಗೆ, ಆಳುಗಳ ಸಾಲುಮನೆಗಳಿಗೆ. ಭಾನುವಾರದ ರಜೆ, ಅಂಗಳದ ತುಂಬ ಮಕ್ಕಳು, ಮೇಲೆ ಚುರುಗುಟ್ಟುವ ಬಿಸಿಲು. ಧರ್ಮನ ಮುಖ ಅರಳಿತು. ಗಾಡಿಯ ನೆತ್ತಿಯ ಮೇಲಿನ ಮೈಕಿನ ಸ್ವಿಚ್ಚು ಒತ್ತಿದ. ಮೈಕು ಒಮ್ಮೆ ಕಿರುಚಿ, ಗಂಟಲು ಸರಿಮಾಡಿಕೊಂಡು, ಟಿಂಗ್ ಟಿಂಗ್ ಎಂದು ಶುರುಮಾಡಿತು.

ಅರ್ಧ ನಿಮಿಷದಲ್ಲಿ ಅಂಗಳ ಖಾಲಿ. ತಾಯಂದಿರು ಮಕ್ಕಳನ್ನು ರೆಟ್ಟೆ ಹಿಡಿದು ಎಳೆದುಕೊಂಡು ಹೋದರು, ಹದಿನಾಲ್ಕು ಮನೆಗಳ ಬಾಗಿಲು ದಡದಡ ಮುಚ್ಚಿಕೊಂಡವು. ಹಗ್ಗದ ಮೇಲೆ ಒಣಹಾಕಿದ್ದ ಪಂಚೆಯೊಂದು ಮಾತ್ರ ಗಿರಾಕಿಯಂತೆ ಅಲ್ಲಾಡುತ್ತಿತ್ತು.

ಈ ಸೀಮೆಯಲ್ಲಿ ಮೈಕು ಕಟ್ಟಿಕೊಂಡು ತೋಟದ ದಾರಿಯಲ್ಲಿ ಬರುವ ಗಾಡಿ ಒಂದೇ, ಅರಣ್ಯ ಇಲಾಖೆಯದು. ಆನೆ ಹಿಂಡು ಇಂಥ ಕಡೆ ಇದೆ, ಹೊರಗೆ ಬರಬೇಡಿ ಎಂದು ಸಾರಿ ಹೋಗುವುದು ಅದರ ಕೆಲಸ. ಮೈಕಿನ ಸದ್ದಾದರೆ ಏನೆಂದು ಕೇಳುತ್ತಾ ನಿಲ್ಲಬಾರದು, ಮೊದಲು ಅಗುಳಿ ಹಾಕಿಕೊಳ್ಳಬೇಕು ಎಂಬುದನ್ನು ಲೈನಿನ ಕೂಸುಗಳೂ ಬಲ್ಲವು.

ಕೊನೆಯ ಮನೆಯ ಕಿಟಕಿ ಎರಡು ಬೆರಳಷ್ಟು ತೆರೆಯಿತು. ಹಣ್ಣು ಕುಯ್ಯುವ ಈರಮ್ಮನ ಒಂದು ಕಣ್ಣು ಕಾಣಿಸಿತು.

"ಎಷ್ಟವೆ ಸಾಮಿ?"

"ನಾನ್ನೂರು ಅವೆ!" ಎಂದ ಧರ್ಮ ಉತ್ಸಾಹದಿಂದ.

"ಅಯ್ಯೋ ಶಿವನೇ! ನಾನ್ನೂರಾ?" ಕಣ್ಣು ದೊಡ್ಡದಾಯಿತು. "ಯಾವ್ಯಾವು?"

"ಮ್ಯಾಂಗೋ ಐತೆ, ಚಾಕೊಲೇಟ್ ಐತೆ, ಪಿಸ್ತಾ ಐತೆ..."

ಆನೆಗಳಿಗೆಲ್ಲ ಹೆಸರಿಟ್ಟು ಕರೆಯುವುದು ಇಲ್ಲಿ ಮಾಮೂಲು. ಆದರೂ ಈರಮ್ಮನಿಗೆ ಸಮಾಧಾನವಾಗಲಿಲ್ಲ. "ಈ ಕಡೆಯವಲ್ಲ ಅವು, ಕೊಡಗಿಂದ ಬಂದಿರ್ಬೇಕು," ಎಂದು ಒಳಗಿದ್ದವರಿಗೆ ವರದಿ ಮಾಡಿ ಕಿಟಕಿ ಹಾಕಿಕೊಂಡಳು.

ಮೈಕೇ ಬೇಡ ಎಂದು ತೀರ್ಮಾನವಾಯಿತು. ಸದ್ದಿಲ್ಲದೆ, ಮೆಲ್ಲಗೆ, ಒಂದೊಂದು ಎಸ್ಟೇಟಿನ ಗೇಟಿನ ಮುಂದೂ ನಿಂತು ನಿಂತು ಹೋದರು. ಇದು ಇನ್ನೂ ದೊಡ್ಡ ತಪ್ಪು. ಕಾಫಿಗೆ ಚಿನ್ನದ ಬೆಲೆಯೂ ಕಳ್ಳರ ಕಾಟವೂ ಬಂದಿರುವ ಈ ಕಾಲದಲ್ಲಿ, ಕುಯ್ಲು ನಡೆಯುತ್ತಿರುವ ತಿಂಗಳಲ್ಲಿ, ಹಿಂದುಗಡೆ ಪೆಟ್ಟಿಗೆ ಮುಚ್ಚಿಕೊಂಡ ಅಪರಿಚಿತ ಗಾಡಿಯೊಂದು ಗೇಟುಗಳ ಮುಂದೆ ನಿಧಾನ ಮಾಡುತ್ತಿದ್ದರೆ ಅದನ್ನು ಯಾರೂ ಐಸ್ ಕ್ರೀಮ್ ಎಂದು ಓದುವುದಿಲ್ಲ. ಮೂರನೆಯ ಗೇಟಿನ ವಾಚ್‌ಮನ್ ಮೋಹನ್ ಅಡ್ಡ ನಿಂತ.

"ಬಾಕ್ಸ್ ತೆಗೀರಿ."

"ಐಸ್ ಕ್ರೀಮ್ ಕಣಪ್ಪ."

"ಮೇಲ್ಗಡೆ ಐಸ್ ಕ್ರೀಮೇ ಇರ್ತದೆ. ತಳದಲ್ಲಿ ಏನೈತೆ ಅಂತ ಕೇಳ್ತಿರೋದು."

ಧರ್ಮನಿಗೆ ಸಿಟ್ಟು ಬರಲಿಲ್ಲ. ಕಸುಬುದಾರನೊಬ್ಬ ಇನ್ನೊಬ್ಬ ಕಸುಬುದಾರನನ್ನು ನೋಡುವ ಗೌರವದಿಂದಲೇ ನೋಡಿದ. ನಾನ್ನೂರು ಐಸ್ ಕ್ರೀಮುಗಳನ್ನು ಗೋಣಿ ಹಾಸಿ ಹೊರಗಿಟ್ಟು, ತಳ ತಟ್ಟಿ, ಮೂಲೆಗೆ ಟಾರ್ಚು ಬಿಟ್ಟು, ಬೆಳೆಗಾರರ ವಾಟ್ಸಾಪ್ ಗುಂಪಿಗೆ ಗಾಡಿಯ ನಂಬರು ಸಮೇತ ಫೋಟೋ ಕಳಿಸಿದ ಮೇಲೆ ಮೋಹನ್ ಮೂರು ಕೋನು ಕೊಂಡ. ಆವತ್ತಿನ ಮೊದಲ ವ್ಯಾಪಾರ. ಮಧ್ಯಾಹ್ನದ ಹೊತ್ತಿಗೆ ಫೋಟೋ ಎಲ್ಲ ಗೇಟುಗಳನ್ನೂ ತಲುಪಿತ್ತು. ಆಮೇಲೆ ಯಾವ ಗೇಟಿನಲ್ಲೂ ಯಾರೂ ಏನನ್ನೂ ಕೊಳ್ಳಲಿಲ್ಲ, ಎಲ್ಲರೂ ನಂಬರು ಮಾತ್ರ ಸರಿನೋಡಿದರು.

ಮೂರು ಗಂಟೆಗೆ ಮರದ ನೆರಳಲ್ಲಿ ನಿಲ್ಲಿಸಿದಾಗ ಸೋಮಯ್ಯ ಕ್ಯಾಲೆಂಡರ್ ಹಾಳೆ ಬಿಡಿಸಿದರು.

"ಡೀಸೆಲ್ಲು ಸಾವಿರದಿನ್ನೂರು. ನಿಂತ್ರೂ ಇಂಜಿನ್ ಆಫ್ ಮಾಡಂಗಿಲ್ಲ, ಮಾಡಿದ್ರೆ ಪೆಟ್ಟಿಗೆ ಬೆವರ್ತದೆ. ಇನ್ಶೂರೆನ್ಸು, ಟಯರು, ಎಫ್‌ಸಿ, ಫ್ರೀಜರಿನ ಗ್ಯಾಸು, ದಿನದ ಪಾಲಿಗೆ ಎಂಟ್ನೂರು ಹಿಡ್ಕಳಿ. ರಾತ್ರಿ ಮನೇಲಿ ಪ್ಲಗ್ ಹಾಕ್ಬೇಕು. ಕರೆಂಟ್ ಹೋದ್ರೆ?"

"ಜನರೇಟರ್ ತರ್ಬೇಕು."

"ಅದಕ್ಕೆ?"

"ಡೀಸೆಲ್ಲು."

"ಆ ಡೀಸೆಲ್ ಕದ್ಕಂಡೋಗೋರ್ನ ಕಾಯೋಕೆ?"

ಧರ್ಮ ಇಳಿದು ಹೋಗಿ ಡೀಸೆಲ್ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿ ಬಂದ.

"ಇವತ್ತಿನ ಖರ್ಚು ಎರಡ್ ಸಾವ್ರ. ಮಾರಿದ್ದು ಮೂರು. ಒಂದೊಂದು ಕೋನು ನಿಮ್ಗೆ ಆರ್ನೂರ ಚಿಲ್ರೆ ಬಿತ್ತು. ಫುಡ್ ಲೈಸೆನ್ಸು ನಾನಿನ್ನೂ ಬರ್ದೇ ಇಲ್ಲ. ಮಾದೇವಯ್ಯಂದು ಮುಗ್ದೋಗಿ ಆರ್ ತಿಂಗ್ಳಾಗೈತೆ, ಬಾಗ್ಲಲ್ಲೇ ಅಂಟ್ಸವ್ರೆ ನೋಡಿ. ಯಾರಾದ್ರೂ ಆಫೀಸರು ಹಿಡುದ್ರೆ ದಂಡಕ್ಕೆ ಗಾಡೀನೇ ಕೊಡ್ಬೇಕು."

ಹತ್ತು ಸಾವಿರದ ಗುಟ್ಟು ಧರ್ಮನಿಗೆ ಆಗ ಹೊಳೆಯಿತು. ಗಾಡಿಯಲ್ಲಿ ದೋಷವೇನೂ ಇರಲಿಲ್ಲ. ಅದು ಓಡಿದರೂ ತಿನ್ನುತ್ತಿತ್ತು, ನಿಂತರೂ ತಿನ್ನುತ್ತಿತ್ತು. ಇನ್ನೊಂದು ತಿಂಗಳು ಅಂಗಳದಲ್ಲಿ ಸಾಕಿಕೊಳ್ಳುವ ಖರ್ಚನ್ನೇ ಮಹಾದೇವಯ್ಯನವರು ಬಿಟ್ಟುಕೊಟ್ಟಿದ್ದರು.

"ನಡೀರಿ ಸೋಮಣ್ಣ, ವಾಪಸ್ ಕೊಟ್ಬುಡಣ," ಎಂದು ಗಾಡಿ ತಿರುಗಿಸಿದ. ಮುಂಗಡ ಉಳಿಯಿತಲ್ಲ ಎಂಬ ನೆಮ್ಮದಿಯಲ್ಲಿ ಬೆಳಗಿನಿಂದ ಮೊದಲ ಬಾರಿಗೆ ಶಿಳ್ಳೆ ಹಾಕಿದ.

ಸಕಲೇಶಪುರಕ್ಕೆ ಇನ್ನು ಆರು ಮೈಲಿ ಇರುವಾಗ ರಸ್ತೆ ನಿಂತಿತ್ತು. ನಿಜವಾದ ಆನೆಗಳು ಈಗ ಬಂದಿದ್ದವು. ಹದಿನೇಳರ ಹಿಂಡು ರಸ್ತೆ ದಾಟಲೋ ಬೇಡವೋ ಎಂದು ತೋಟದಂಚಿನಲ್ಲಿ ಯೋಚಿಸುತ್ತಿತ್ತು. ಅರಣ್ಯದವರು ಎರಡೂ ಕಡೆ ವಾಹನ ತಡೆದಿದ್ದರು. ರೆಸಾರ್ಟ್ ಮುಗಿಸಿ ಹೊರಟ ಕಾರುಗಳು, ಒಂದು ಮದುವೆ ದಿಬ್ಬಣದ ಬಸ್ಸು, ಬಿಸಿಲಿಗೆ ಬಾಡಿದ ಜನ. ಸೋಮಯ್ಯ "ನೋಡ್ಕಂಡ್ ಬತ್ತೀನಿ" ಎಂದು ಇಳಿದು ಮುಂದೆ ಹೋದರು.

ಐಸ್ ಕ್ರೀಮ್ ಗಾಡಿಯನ್ನು ಮೊದಲು ಕಂಡದ್ದು ದಿಬ್ಬಣದ ಮಕ್ಕಳು. ಎರಡು ನಿಮಿಷದಲ್ಲಿ ಮೂವತ್ತು ಜನ ಸುತ್ತ ನಿಂತರು. ಧರ್ಮನೊಳಗಿನ ರೈಟರ್ ತಟ್ಟನೆ ಎದ್ದು ಕೂತ. ಅರ್ಧ ದಾಟಿದರೆ ತಾನೇ ಗಾಡಿ ತಲೆಗೆ ಬೀಳುವುದು? ನೂರೈವತ್ತು ಮಾರಿ ನಿಲ್ಲಿಸಿಬಿಟ್ಟರೆ ಇವತ್ತಿನ ಖರ್ಚು ಅಷ್ಟಿಷ್ಟು ಹುಟ್ಟುತ್ತದೆ, ಮುಂಗಡವೂ ಬರುತ್ತದೆ. ಹಿಗ್ಗಿನಿಂದ ಮುಚ್ಚಳ ಎತ್ತಿದ.

"ಲೈಸೆನ್ಸ್ ಐತೇನ್ರಿ?"

ಗುಂಪನ್ನು ಸರಿಸಿಕೊಂಡು ಒಬ್ಬರು ಮುಂದೆ ಬಂದರು. ಖಾಕಿ ಬಣ್ಣದ ಶರಟು, ಮಿರುಗುವ ಬೂಟು, ಕಂಕುಳಲ್ಲಿ ಫೈಲು. ಬಿಳಿ ಜೀಪಿನಿಂದ ಇಳಿದು ಬಂದಿದ್ದರು.

"ಸಾರ್?"

"ಫುಡ್ ಲೈಸೆನ್ಸ್. ಯಾರ ಹೆಸ್ರಲ್ಲೈತೆ? ದಿನಕ್ಕೆ ಎಷ್ಟು ಮಾರ್ತೀರಿ?"

ಧರ್ಮನ ಬೆನ್ನಿಗೆ ಫ್ರೀಜರಿನ ಗಾಳಿ ಬಡಿಯಿತು. ಅರವತ್ತು ಸಾವಿರ ಕಣ್ಣ ಮುಂದೆ ಎದ್ದು ನಿಂತು, ಕೈ ಮುಗಿದು, ಹೊರಟು ಹೋಗುತ್ತಿರುವಂತೆ ಕಂಡಿತು.

"ಮಾರ್ತಿಲ್ಲ ಸಾರ್!" ಎಂದು ಕೂಗಿದ. "ಒಂದೂ ಮಾರ್ತಿಲ್ಲ. ಫ್ರೀ! ಎಲ್ಲಾ ಫ್ರೀ!"

ಈ ಕೊನೆಯ ಶಬ್ದಕ್ಕೆ ಮೈಕು ಬೇಕಾಗುವುದಿಲ್ಲ. ಅದು ಕೊನೆಯ ಕಾರಿನ ತನಕ ಗಾಳಿಯಲ್ಲೇ ಹೋಯಿತು. ಕಾರುಗಳ ಬಾಗಿಲು ತೆರೆದವು, ದಿಬ್ಬಣದ ಬಸ್ಸು ಒಂದು ಕಡೆಗೆ ವಾಲಿತು. ಜರಿ ರುಮಾಲಿನ ಹಿರಿಯರೊಬ್ಬರು "ಬೀಗರು ಬಸ್ಸಲ್ಲೇ ಅವ್ರೆ" ಎಂದು ಆರು ತೆಗೆದುಕೊಂಡರು. ಟಯರ್ ಮೇಲೆ ಕಾಲಿಟ್ಟು ಹತ್ತಿದವರು ಕೆಳಗಿನವರಿಗೆ ಎಸೆದರು. ಹತ್ತು ನಿಮಿಷದಲ್ಲಿ ಪೆಟ್ಟಿಗೆಯ ತಳ ಕಂಡಿತು.

ಖಾಕಿ ಶರಟಿನವರು ಮಾತ್ರ ಅವಸರವಿಲ್ಲದೆ ಒಂದು ಚಾಕೊಬಾರ್ ಮುಗಿಸಿದರು.

"ನಂದು ಹಾಸನ ಕಣ್ರೀ, ಟೈಲ್ಸ್ ಅಂಗಡಿ ಇಟ್ಟಿದ್ದೀನಿ. ಇಂಥದ್ದೊಂದು ಗಾಡಿ ನಾನೂ ಹಾಕಾಣ ಅಂತ. ಲೈಸೆನ್ಸಿಗೆ ಎಷ್ಟಾಗ್ತದೋ ಕೇಳಾಣ ಅಂತ ಬಂದೆ." ಕಡ್ಡಿಯನ್ನು ಎಸೆದು ಧರ್ಮನನ್ನು ಕಿರುಗಣ್ಣಿನಿಂದ ನೋಡಿದರು. "ಫ್ರೀ ಕೊಟ್ಟೂ ಗಿಟ್ಟಿಸ್ತೀರಿ ಅಂದ್ರೆ, ಇದ್ರಲ್ಲಿ ಇನ್ನೇನೋ ಐತೆ. ನೀವು ಹೇಳಲ್ಲ ಬಿಡಿ."

ಆನೆಗಳು ದಾಟಿದವು, ರಸ್ತೆ ತೆರೆಯಿತು, ಸೋಮಯ್ಯ ಬಂದು ಹತ್ತಿದರು. ಹಿಂದಿನ ಪೆಟ್ಟಿಗೆ ನೋಡಿದರು, ಧರ್ಮನನ್ನು ನೋಡಿದರು, ಕ್ಯಾಲೆಂಡರ್ ಹಾಳೆ ಮಡಿಚಿಟ್ಟರು.

ಆರಕ್ಕೆ ಎಂಟು ನಿಮಿಷ ಇರುವಾಗ ಗಾಡಿ ಮಹಾದೇವಯ್ಯನವರ ಅಂಗಡಿ ಮುಂದೆ ನಿಂತಿತು. ಅವರು ಬಂದು ಮುಚ್ಚಳ ಎತ್ತಿದರು.

"ಭೇಷ್ ಕಣಪ್ಪ! ನನ್ ಕೈಲಿ ಒಂದಿನಾನೂ ಖಾಲಿ ಆಗಿರ್ಲಿಲ್ಲ."

"ಮಾರಿಲ್ಲ ಮಾದೇವಯ್ಯನೋರೆ. ಮೂರು ಮಾರಿದ್ದು. ಮಿಕ್ಕಿದ್ದು ಫ್ರೀ ಹಂಚ್ಬುಟ್ಟೆ."

ಮಹಾದೇವಯ್ಯನವರು ಜೇಬಿನಿಂದ ಫೋನು ತೆಗೆದು ಮುಂದೆ ಹಿಡಿದರು. ಊರೆಲ್ಲ ಸುತ್ತಿ ಬಂದ ವಿಡಿಯೋ. ಗಾಡಿಯ ಸುತ್ತ ನೂರು ಕೈ, ಮೇಲೆ ಹತ್ತಿದವರು, ನಡುವೆ ಮುಚ್ಚಳ ಹಿಡಿದುಕೊಂಡು ಬಾಯಿ ತೆರೆದ ಧರ್ಮ. 'ಹಾನುಬಾಳು ರಸ್ತೆಯಲ್ಲಿ ಭರ್ಜರಿ ವ್ಯಾಪಾರ' ಎಂದು ಯಾರೋ ಬರೆದಿದ್ದರು.

"ಇದು ನೀನಲ್ವಾ?"

"ನಾನೇ. ಆದ್ರೆ ದುಡ್ ಇಸ್ಕಂಡಿಲ್ಲ."

"ನಾನ್ನೂರು ಐಸ್ ಕ್ರೀಮು. ಸಾಲದ ಸರಕು. ದಾರೀಲಿ ಹೋಗೋರಿಗೆ. ಸುಮ್ನೆ."

ಬಿಡಿಬಿಡಿಯಾಗಿ ಕೇಳಿದಾಗ ಅದು ಧರ್ಮನಿಗೂ ನಂಬುವಂತೆ ಕಾಣಲಿಲ್ಲ. "ಸೋಮಣ್ಣ, ನೀವಾದ್ರೂ ಹೇಳಿ," ಎಂದ.

ಸೋಮಯ್ಯ ಗಂಟಲು ಸರಿಮಾಡಿಕೊಂಡರು. "ನಾನ್ ಆನೆ ನೋಡೋಕೆ ಹೋಗಿದ್ದೆ ಮಾದೇವಯ್ಯನೋರೆ, ಸುಳ್ ಹೇಳಬಾರ್ದು. ಬರೋ ಅಷ್ಟ್ರಲ್ಲಿ ಪೆಟ್ಗೆ ಖಾಲಿ. ದುಡ್ಡು ಎಲ್ಲಿಟ್ಟವ್ನೆ ಅಂತ ದಾರಿಯುದ್ದಕ್ಕೂ ನಾನೂ ನೋಡ್ತನೇ ಬಂದೆ. ಸೀಟಿನ ಕೆಳಗಂತೂ ಇಲ್ಲ."

ಆರು ಗಂಟೆಗೆ ಗಾಡಿ ಧರ್ಮನದಾಯಿತು. ಸರಕಿನ ಬಾಬ್ತು ಆರು ಸಾವಿರದ ನಾನ್ನೂರು ರೂಪಾಯಿಯನ್ನು ಮಹಾದೇವಯ್ಯನವರು ಮೊದಲ ಕಂತಿಗೆ ಸೇರಿಸಿ ಬರೆದುಕೊಂಡರು.