ಕೃಷ್ಣಾನಂದರು ಕಟ್ಟಿದ ಅಭೇದ್ಯ ಕಂಪ್ಯೂಟರ್

ಕೊಚ್ಚಿಯ ಪಾಲಾರಿವಟ್ಟದ ಬ್ಯಾಂಕೊಂದರಲ್ಲಿ ಮ್ಯಾನೇಜರಾಗಿದ್ದ ಕುಂಬಳೆಯ ಕೃಷ್ಣಾನಂದರು ಒಂದು ರಜೆಯ ಬೆಳಿಗ್ಗೆ ಭೀಷ್ಮಪ್ರತಿಜ್ಞೆ ಮಾಡಿದರು. ಮನೆಯ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮನ್ನು ಬುಡದಿಂದ ಹೊಸದಾಗಿ ಕಟ್ಟಿ, ಪ್ರಳಯವಾದರೂ ಹ್ಯಾಂಗ್ ಆಗದಂತೆ ಮಾಡಿಬಿಡುವುದು! ಪಾಪ, ಅವರಾದರೂ ಎಷ್ಟು ಸಹಿಸಿಯಾರು? ಆ ಯಂತ್ರ ಕರೆದಾಗ ಏಳುತ್ತಿರಲಿಲ್ಲ. ಎದ್ದರೂ ಕೆಲಸದ ನಡುವೆ ಅಹಲ್ಯೆಯಂತೆ ಕಲ್ಲಾಗುತ್ತಿತ್ತು.

ಹೆಂಡತಿ ಸುಮಿತ್ರ ಆಗ ತಿರುವನಂತಪುರದ ಬಳಿ ಕಡಲ ತೀರದ ತುಂಬಾ ಎಂಬ ಊರಿನಲ್ಲಿ, ತಮ್ಮ ಮೋಹನನ ಮನೆಯಲ್ಲಿದ್ದರು. ತಾಯಿ ಚಂದ್ರಮ್ಮ ಇರುವುದೂ ಅಲ್ಲೇ. ಫೋನಿನಲ್ಲಿ ಗಂಡನ ಸಂಕಲ್ಪ ಕೇಳಿ ಸುಮಿತ್ರ ಗಾಬರಿಯಾದರು.

"ಅಮ್ಮ ಹಾಡಿದ ಶೋಭಾನೆಯ ರೆಕಾರ್ಡೆಲ್ಲ ಅದ್ರಲ್ಲೇ ಉಂಟು. ಬೇರೆಲ್ಲೂ ಇಲ್ಲ. ಜಾಗ್ರತೆ."

"ನಾನು ಬ್ಯಾಂಕಿನವ. ಜೋಪಾನ ಮಾಡುವುದನ್ನು ನನಗೆ ಹೇಳಿಕೊಡ್ಬೇಕಾ?"

ಕೆಲಸ ಶುರುವಾಯಿತು. ನಡುವೆ ಕಂಪ್ಯೂಟರ್ ಏನೋ ಉದ್ದದ ಪ್ರಶ್ನೆ ಕೇಳಿತು. ದಿನವಿಡೀ ಗಿರಾಕಿಗಳಿಗೆ 'ಓದಿ ಸಹಿ ಹಾಕಿ' ಎಂದು ಉಪದೇಶಿಸುವ ಕೃಷ್ಣಾನಂದರ ಕಣ್ಣಿಗೆ ಬಿದ್ದದ್ದು 'ಎಲ್ಲವನ್ನೂ ಅಳಿಸಲೇ' ಎಂಬಷ್ಟು ಮಾತ್ರ. ಎಲ್ಲ ಎಂದರೆ ಹಳೆಯ ಕಸವೆಲ್ಲ ಇರಬೇಕೆಂದುಕೊಂಡು 'ಹೌದು' ಒತ್ತಿದರು.

ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರ್ ಹುರುಳಿ ತಿಂದ ಕುದುರೆಯಂತೆ ಓಡತೊಡಗಿತು. ಏನು ತೆರೆದರೂ ಥಟ್ಟನೆ ತೆರೆಯುತ್ತಿತ್ತು. ಆ ಉತ್ಸಾಹದಲ್ಲೇ ಅತ್ತೆಯ ಹಾಡನ್ನು ಹುಡುಕಿದರೆ, ಹಾಡಿಲ್ಲ. ಫೋಟೊ ಇಲ್ಲ. ಏನೂ ಇಲ್ಲ. ಕೆಡಲು ಒಳಗೆ ಏನಾದರೂ ಇದ್ದರೆ ತಾನೆ ಕೆಡುವುದು!

ರಿಪೇರಿ ಅಂಗಡಿಯ ಅಶ್ರಫ್‌ನ ಬಳಿಗೆ ಹೊತ್ತುಕೊಂಡು ಓಡಿದರು. ಅವನೂ ಸಂಜೆಯವರೆಗೆ ಒದ್ದಾಡಿ, ಹಳೆಯದರ ಮೇಲೆ ಹೊಸದು ಕೂತುಬಿಟ್ಟಿದೆ, ಇನ್ನು ಬರುವುದಿಲ್ಲ ಎಂದು ಕೈಚೆಲ್ಲಿದ.

ಇದು ಫೋನಿನಲ್ಲಿ ಹೇಳುವ ಮಾತಲ್ಲ. ಮರುದಿನ ರೈಲು ಹತ್ತಿ ತಿರುವನಂತಪುರದ ತಂಪಾನೂರಿನಲ್ಲಿಳಿದರು. ತುಂಬಾ ಊರಿಗೆ ಹೋಗುವ ಬಸ್ಸಿನಲ್ಲಿ ಕೂತು ಕ್ಷಮಾಪಣೆಯನ್ನು ಮನಸ್ಸಿನಲ್ಲೇ ಉರು ಹೊಡೆದರು. ಆದರೆ ಅತ್ತೆ ಅಕ್ಕಿಯ ಪುಟ್ಟು, ಕಡಲೆ ಗಸಿ ಬಡಿಸುವಾಗ ಕಲಿತ ಭಾಷಣವೆಲ್ಲ ಹಾರಿಹೋಗಿ, "ಎಲ್ಲ ಹೋಯ್ತು ಅತ್ತೆ" ಎಂದಷ್ಟೇ ಹೇಳಿ ತಟ್ಟೆ ನೋಡುತ್ತ ಕೂತರು. ಸುಮಿತ್ರರ ಕಣ್ಣು ತುಂಬಿ ಬಂತು.

ಚಂದ್ರಮ್ಮ ಮಾತ್ರ ಸೆರಗು ಬಾಯಿಗೊತ್ತಿ ನಗತೊಡಗಿದರು.

"ಅಳಿಯ ಅಂದ್ರೆ ಅಳಿಸುವವ ಅಂತ ಇವತ್ತು ಗೊತ್ತಾಯ್ತು ನೋಡಿ. ಅದಕ್ಕೆಂತ, ಇನ್ನೊಮ್ಮೆ ಹಾಡಿದ್ರಾಯ್ತು."

ಹಾಡಿದ ದಿನ ತನಗೆ ಶೀತವಾಗಿತ್ತು, ಸಾಲುಗಳೂ ಮರೆತಿದ್ದವು, ಹೋದದ್ದೇ ಒಳ್ಳೆಯದಾಯಿತು ಎಂದು ಅವರು ಮಗಳನ್ನೂ ಸಮಾಧಾನ ಮಾಡಿದರು. ಕೃಷ್ಣಾನಂದರ ಎದೆಯ ಮೇಲಿನ ಬಂಡೆ ಇಳಿದು, ಉಸಿರು ಸರಾಗವಾಯಿತು. ಪ್ರಾಯಶ್ಚಿತ್ತಕ್ಕೆ ತಡವೇಕೆಂದು ರೆಕಾರ್ಡ್ ಮಾಡಲು ಮೊಬೈಲ್ ಹೊರತೆಗೆದರು.

"ನೀವು ಬೇಡ, ಸುಮಿತ್ರ ಹಿಡೀಲಿ. ನೀವು ಅಷ್ಟೊತ್ತು ಸಮುದ್ರದ ಬದಿಗೆ ಹೋಗಿ ಬನ್ನಿ" ಎಂದರು ಚಂದ್ರಮ್ಮ.

ಏಕೆಂದು ಅರ್ಥವಾಗದೆ ಅವರು ಹೆಂಡತಿಯ ಮುಖ ನೋಡಿದರು. ಸುಮಿತ್ರ ಕಣ್ಣೊರೆಸಿಕೊಂಡು ಮೊದಲ ಬಾರಿಗೆ ನಕ್ಕರು.

"ಹಳೇ ರೆಕಾರ್ಡಲ್ಲಿ ಹಾಡಿನ ಜೊತೆ ಶುರುವಿಂದ ಕೊನೇವರೆಗೆ ನಿಮ್ಮ ಗೊರಕೆಯೇ ಇತ್ತು. ಅಳಿಯನಿಗೆ ಬೇಜಾರಾದೀತು ಅಂತ ಅಮ್ಮ ಇಷ್ಟು ದಿನ ಹೇಳ್ಲಿಲ್ಲ."

ಕೃಷ್ಣಾನಂದರು ತೆಪ್ಪಗೆ ಚಪ್ಪಲಿ ಮೆಟ್ಟಿ ಸಮುದ್ರದ ಕಡೆ ನಡೆದರು.