ದಣಿದ ತಲೆಗೊಂದು ಕಿಟಕಿ

ರವಾನೆ ಗುಮಾಸ್ತರ ಮೇಜು ಇದ್ದದ್ದು ಶೌಚಾಲಯದ ಬಾಗಿಲಿಗೆ ಎದುರಾಗಿ. ನೀರು ಸರಬರಾಜು ಕಚೇರಿಗೆ ಸೇರಿದ ದಿನ "ಸದ್ಯಕ್ಕೆ ಇಲ್ಲಿ ಕೂತ್ಕೊಳ್ಳಿ" ಅಂದಿದ್ದರು. ಆ ಸದ್ಯ ಇನ್ನೂ ಮುಗಿದಿರಲಿಲ್ಲ. ಬಾಗಿಲು ಕಿರ್ರೆಂದಾಗಲೆಲ್ಲ ಅವರ ತಲೆಗೆ ಯಾರೋ ಮೊಳೆ ಹೊಡೆದ ಹಾಗಾಗುತ್ತಿತ್ತು. ಸಂಜೆ ಮನೆಗೆ ಹೋದರೆ ಹೆಂಡತಿ ಮಾತಾಡಿಸಿದರೂ ಸಿಡುಕು, ಮಗಳು ಮಾತಾಡಿಸಿದರೂ ಸಿಡುಕು. ಆಮೇಲೆ, ಪಾಪ, ಅವರಿಗೇ ಬೇಜಾರು.

ಹೀಗಿರುವಾಗ, ಕಚೇರಿಯ ಹಾಲನ್ನು ಹೊಸದಾಗಿ ಮಾಡಿಸುತ್ತಾರಂತೆ, ಅದಕ್ಕೆ ಮಿದುಳಿನ ಬಗ್ಗೆ ಓದಿಕೊಂಡ ಮೇಡಂ ಒಬ್ಬರು ಬರುತ್ತಾರಂತೆ ಎಂದು ಸುದ್ದಿಯಾಯಿತು. ಗುಮಾಸ್ತರ ಕಿವಿ ನೆಟ್ಟಗಾಯಿತು.

"ಗೋಡೆ ಎಲ್ಲಿ ಬರ್ಬೇಕು, ಬೆಳಕು ಎಲ್ಲಿಂದ ಬೀಳ್ಬೇಕು ಅನ್ನೋದನ್ನ ನಿಮ್ಮ ತಲೆನೇ ಹೇಳುತ್ತೆ," ಅಂದರು ಮೇಡಂ, ಎಲ್ಲರ ತಲೆಗೂ ತಂತಿಗಳ ಟೋಪಿ ತೊಡಿಸುತ್ತಾ. "ಮಿದುಳು ಎಲ್ಲಿ ದಣಿಯುತ್ತೆ, ಏನು ನೋಡಿದಾಗ ಹಗುರಾಗುತ್ತೆ, ಎಲ್ಲ ಸಂಜೆವರೆಗೂ ಇದರಲ್ಲಿ ದಾಖಲಾಗುತ್ತೆ."

"ಯಾರ ತಲೆ ಹೆಚ್ಚು ದಣಿದಿರುತ್ತೋ ಅವರಿಗೆ ಕಿಟಕಿ ಪಕ್ಕದ ಜಾಗ," ಅಂದರು ಸಾಹೇಬರು.

ಹಾಲಿಗೆ ಇದ್ದದ್ದು ಒಂದೇ ಕಿಟಕಿ. ಅದರಾಚೆ ಒಂದು ದೊಡ್ಡ ಮರ, ಮೇಲೆ ಒಂದಿಷ್ಟು ಆಕಾಶ. ಅಲ್ಲಿ ಕೂತರೆ ತಾನೂ ಮನೆಯಲ್ಲಿ ನಗುನಗುತ್ತಾ ಇರಬಹುದು ಎಂದು ಗುಮಾಸ್ತರು ಆಸೆಪಟ್ಟರು.

ಆದರೆ ಅವರ ಗ್ರಹಚಾರ ನೋಡಿ. ಟೋಪಿ ಜಾರೀತೆಂದು ಅವತ್ತು ಯಾರೂ ಕುರ್ಚಿ ಬಿಟ್ಟು ಏಳಲೇ ಇಲ್ಲ. ಬಾಗಿಲು ತೆಪ್ಪಗಿತ್ತು. ಎಷ್ಟೋ ವರ್ಷಕ್ಕೆ ಸಿಕ್ಕ ನಿಶ್ಶಬ್ದಕ್ಕೆ ಗುಮಾಸ್ತರ ಕಣ್ಣು ಎಳೆಯತೊಡಗಿತು.

"ಏನ್ರೀ, ನಿದ್ದೆನಾ?" ಪಕ್ಕದ ಮೇಜಿನ ಟೈಪಿಸ್ಟ್ ಅಕ್ಕ ಗದರಿದರು. "ಹೀಗೆ ಹಾಯಾಗಿ ಕೂತ್ರೆ ಕಿಟಕಿ ಕ್ಯಾಷಿಯರ್ ಪಾಲಾಗುತ್ತೆ. ಕೋಪ ಬರೋ ಅಂಥದ್ದು ಏನಾದ್ರೂ ನೆನೆಸ್ಕೊಳ್ಳಿ."

ಗುಮಾಸ್ತರು ಭಾವಮೈದನನ್ನು ನೆನೆಸಿಕೊಂಡರು. ನಾಲ್ಕು ದಿನಕ್ಕೆಂದು ಬಂದವನು ಮಳೆಗಾಲ ಕಳೆದರೂ ಹೊರಟಿರಲಿಲ್ಲ. ಕೋಪವೇನೋ ಬಂತು. ಆದರೆ ಈ ಹೊತ್ತಿಗೆ ಅವನು ತಮ್ಮ ಮಂಚದ ಮೇಲೆ ಕಾಲು ಚಾಚಿ ಗೊರಕೆ ಹೊಡೆಯುತ್ತಿರಬಹುದು ಎಂದು ಹೊಳೆದದ್ದೇ ತಡ, ಇವರಿಗೂ ಆಕಳಿಕೆ ಬಂತು.

"ಅದೆಲ್ಲ ಆಗೋ ಹೋಗೋ ಮಾತಲ್ಲ. ಹದಿನೇಳರ ಮಗ್ಗಿ ಹಿಂದಿನಿಂದ ಹೇಳಿ," ಅಂದರು ಹೆಡ್ ಕ್ಲಾರ್ಕು.

"ಹದಿನೇಳೊಂಬತ್ಲ ನೂರ ಐವತ್ಮೂರು. ಹದಿನೇಳೆಂಟ್ಲ ನೂರ ಮೂವತ್ತೆಂಟು..."

"ಮೂವತ್ತಾರು," ಅಂದರು ಕ್ಯಾಷಿಯರ್, ತಲೆ ಎತ್ತದೆ.

"ಮೂವತ್ತೆಂಟು."

"ಬೆರಳು ಮಡಿಚಿ ನೋಡ್ಕೊಳ್ಳಿ ಸ್ವಾಮಿ."

ಗುಮಾಸ್ತರು ಬೆರಳು ಮಡಿಚಿದರು. ಕೈಬೆರಳು ಸಾಲದೆ ಚಪ್ಪಲಿ ಬಿಟ್ಟು ಕಾಲ್ಬೆರಳಿಗೂ ಇಳಿದರು. ಕೊನೆಗೆ ನೂರ ಮೂವತ್ತಾರೇ ಬಂತು. ಹಾಲಿನ ಈ ತುದಿಯಿಂದ ಆ ತುದಿಯವರೆಗೆ ಎಲ್ಲರ ಹಲ್ಲೂ ಕಾಣಿಸಿದವು.

"ಆ ಬಾಗಿಲೇ ತಾನೆ ನಿಮಗೆ ತಲೆನೋವು?" ಅಂದರು ಅಕ್ಕ. "ಹೋಗಿ, ನೀವೇ ತೆಗೆದು ಮುಚ್ಚಿ ಮಾಡಿ."

ಇದು ಸರಿಯೆನಿಸಿತು. ಕೆಲಸ ಮಾಡುತ್ತಿರುವಂತೆ ಕಾಣಬೇಕಲ್ಲ ಎಂದು ಶಾಯಿ ಹಚ್ಚಿದ ಸೀಲನ್ನು ಕೈಯಲ್ಲಿ ಹಿಡಿದೇ ಹೋಗಿ, ಬಾಗಿಲನ್ನು ಹಿಂದಕ್ಕೂ ಮುಂದಕ್ಕೂ ಆಡಿಸತೊಡಗಿದರು. ತಲೆ ಸಿಡಿಯತೊಡಗಿತು. ಅವರ ಸಂತೋಷಕ್ಕೆ ಪಾರವೇ ಇರಲಿಲ್ಲ.

"ಏನ್ರೀ ಇದು ಮಂಗಾಟ?" ಬೆನ್ನ ಹಿಂದಿನಿಂದ ಸಾಹೇಬರ ದನಿ ಬಂತು.

ಗುಮಾಸ್ತರು ಬೆಚ್ಚಿ ತಿರುಗಿದರು. ಹಿಡಿಕೆಗೆ ಸಿಕ್ಕಿಕೊಂಡಿದ್ದ ಟೋಪಿಯ ತಂತಿ ಅವರನ್ನು ಹಗ್ಗ ಕಟ್ಟಿದ ಕರುವಿನಂತೆ ಹಿಂದಕ್ಕೆ ಜಗ್ಗಿತು. ಬೀಳದಿರಲೆಂದು ಚಾಚಿದ ಕೈ ಹೋಗಿ ಸಾಹೇಬರ ಬಿಳಿ ಅಂಗಿಯ ಎದೆಗೆ ಬಡಿಯಿತು. ಅಲ್ಲಿ ಸ್ಪಷ್ಟವಾಗಿ ಮೂಡಿತು: 'ರವಾನಿಸಲಾಗಿದೆ'. ಒದ್ದೆ ಕರವಸ್ತ್ರದಿಂದ ಒರೆಸಲು ಹೋದರೆ ಶಾಯಿ ಹೊಟ್ಟೆಯವರೆಗೂ ಹಬ್ಬಿತು. ಸಾಹೇಬರು ಅಂಗಿ ಹಿಡಿದುಕೊಂಡು ದುರದುರನೆ ಒಳಗೆ ಹೋದರು. ಮಿಕ್ಕವರು ಫೈಲುಗಳಲ್ಲಿ ಮುಖ ಹುದುಗಿಸಿ ನಗು ತಡೆಯಲಾರದೆ ಕುಲುಕುತ್ತಿದ್ದರು.

ಸಂಜೆ ಮೇಡಂ ಗುಮಾಸ್ತರ ಟೋಪಿ ಬಿಚ್ಚಿ ಲೆಕ್ಕ ನೋಡಿದರು. "ಇಷ್ಟು ದಣಿದ ತಲೆನ ನಾನು ಎಲ್ಲೂ ನೋಡಿಲ್ಲ," ಅಂದರು.

ಗುಮಾಸ್ತರ ಕಣ್ಣು ತುಂಬಿ ಬಂತು. ಊಟದ ಡಬ್ಬಿ, ನೀರಿನ ಬಾಟಲಿ ಎತ್ತಿಕೊಂಡು ಕಿಟಕಿಯ ಕಡೆ ಹೊರಟೇಬಿಟ್ಟರು.

"ಒಂದ್ನಿಮಿಷ," ಅಂದರು ಮೇಡಂ. "ಮಿಕ್ಕ ಯಾರ ತಲೆಯೂ ಇವತ್ತು ದಣಿದೇ ಇಲ್ಲ. ಇವರು ಮಗ್ಗಿ ಹೇಳೋವಾಗ ಎಲ್ಲರದ್ದೂ ಹಗುರ. ಬಾಗಿಲ ಹತ್ರ ಹೋದಾಗ ಇನ್ನೂ ಹಗುರ. ಸೀಲು ಬಿದ್ದಾಗಂತೂ ಕೇಳಲೇಬೇಡಿ. ಹಸಿರು ನೋಡಿದ್ರೂ, ಹರಿಯೋ ನೀರು ನೋಡಿದ್ರೂ ಮಿದುಳಿಗೆ ಇಷ್ಟು ಆರಾಮ ಸಿಗಲ್ಲ. ಈ ಹಾಲಿಗೆ ಬೇಕಾದ್ದು ಕಿಟಕಿ ಅಲ್ಲ ಸಾರ್, ಇವರು."

ಸಾಹೇಬರು ಎದೆಯ ಮೇಲಿನ ಶಾಯಿ ಸವರಿಕೊಂಡು "ಮಂಜೂರು" ಅಂದರು.

ಅಲ್ಲೇ ನಕ್ಷೆ ತಯಾರಾಯಿತು. ಗುಮಾಸ್ತರ ಮೇಜು ಹಾಲಿನ ನಟ್ಟನಡುವೆ. ಮಿಕ್ಕವರೆಲ್ಲ ಸುತ್ತಲೂ, ಅವರ ಕಡೆಗೇ ಮುಖ ಮಾಡಿ. ಹೊರಗಿನ ಬೆಳಕು ಕಣ್ಣಿಗೆ ಹೊಡೆದರೆ ಗುಮಾಸ್ತರು ಸರಿಯಾಗಿ ಕಾಣುವುದಿಲ್ಲವೆಂದು ಕಿಟಕಿಯನ್ನು ಮುಚ್ಚಿಸುವುದೆಂದಾಯಿತು.

"ಮತ್ತೆ ನನ್ನ ತಲೆ ಗತಿ ಏನು ಮೇಡಂ?" ಗುಮಾಸ್ತರು ಡಬ್ಬಿ ಹಿಡಿದುಕೊಂಡೇ ಕೇಳಿದರು.

ಮೇಡಂ ಟೋಪಿಯ ತಂತಿ ಸುತ್ತಿಟ್ಟರು.

"ಅದು ಹೀಗೇ ದಣಿದಿರ್ಲಿ," ಅಂದರು. "ಹಗುರಾದ್ರೆ ನೀವು ಎಡವೋದು ನಿಂತುಹೋಗುತ್ತೆ."