ಕ್ಲೋರಿನ್ ಜೊತೆ ನಮ್ಮ ಸಂಸಾರ

ನಮ್ಮ ಕಾರ್ಖಾನೆಯಲ್ಲಿ ನಗು ಬರುವಂಥದ್ದು ಆಗಾಗ ನಡೆಯುತ್ತಲೇ ಇರುತ್ತದೆ. ನಕ್ಕು ಮುಗಿದ ಮೇಲೆ ಹೆದರಿಕೆ ಆಗುತ್ತದೆ, ಅಷ್ಟೇ.

ನಾನು ಅಲ್ಲಿ ಸೇಫ್ಟಿ ಆಫೀಸರ್. ಶಿವಮೊಗ್ಗದ ರಾಗಿಗುಡ್ಡದ ಕಡೆಯಿಂದ ದಿನಾ ಬಸ್ಸು ಹಿಡಿದು ಭದ್ರಾವತಿಗೆ ಹೋಗ್ತೀನಿ. ಬ್ಲೀಚಿಂಗ್ ಪೌಡರ್ ಮಾಡುವ ಕಾರ್ಖಾನೆ. ಅದಕ್ಕೆ ಬೇಕಾದ ಕ್ಲೋರಿನ್ ಅನಿಲ ದೊಡ್ಡ ದೊಡ್ಡ ಕಬ್ಬಿಣದ ಸಿಲಿಂಡರುಗಳಲ್ಲಿ ಬರುತ್ತದೆ. ಸೋರಿದರೆ ಹಸಿರು ಹಳದಿ ಹೊಗೆಯಾಗಿ ನೆಲ ಹಿಡಿದು ಹರಿಯುತ್ತದೆ. ಎಳೆದುಕೊಂಡವನ ಎದೆ ಒಳಗಿನಿಂದ ಸುಡುತ್ತದೆ. ಅದು ಸೋರದ ಹಾಗೆ ನೋಡಿಕೊಳ್ಳುವುದು, ಸೋರಿದರೆ ಜನ ಸಾಯದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ.

"ಏನೂ ಆಗದ ಹಾಗೆ ನೋಡ್ಕೊಳ್ಳೋದು ನನ್ನ ಕೆಲಸ" ಅಂತ ಅತ್ತೆಗೆ ಒಂದು ಸಲ ವಿವರಿಸಿದೆ.

"ಏನೂ ಆಗಲೇ ಇಲ್ಲ ಅಂದ್ರೆ ನಿಂಗೆ ಸಂಬಳ ಯಾಕೆ ಕೊಡ್ತಾರೆ ಮಾರಾಯ್ತಿ?" ಅಂದರು. ನಮ್ಮ ಮ್ಯಾನೇಜರ್ ಕೂಡ ಅದನ್ನೇ ಕೇಳುತ್ತಿದ್ದರು.

ತಗಡಿನ ಗಾಳಿಚೀಲ

ಅನಿಲ ಸೋರಿದಾಗ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ನೋಡಿ, ಹೊಗೆಯ ದಾರಿ ತಪ್ಪಿಸಿ ಓಡಬೇಕು. ಅದಕ್ಕೇ ಎತ್ತರದ ಕಂಬಕ್ಕೆ ಬಟ್ಟೆಯ ಗಾಳಿಚೀಲ ಕಟ್ಟಿರುತ್ತಾರೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ತಲೆ ಎತ್ತಿ ನೋಡಿದೆ. ಆ ದಿನ ಮರಗಳೆಲ್ಲ ಒಂದು ಕಡೆ ವಾಲುತ್ತಿವೆ, ನಮ್ಮ ಚೀಲ ಇನ್ನೊಂದು ಕಡೆ ನೆಟ್ಟಗೆ ನಿಂತಿದೆ. ಏಣಿ ಹಾಕಿಸಿ ನೋಡಿದರೆ ಕೆಂಪು ಬಿಳಿ ಬಣ್ಣ ಬಳಿದ ತಗಡು! ಕಂಬಕ್ಕೆ ವೆಲ್ಡಿಂಗ್ ಮಾಡಿಬಿಟ್ಟಿದ್ದಾರೆ.

"ಬಟ್ಟೇದು ಮಳೆಗಾಲದಲ್ಲಿ ಹರಿದುಹೋಗುತ್ತೆ ಮೇಡಂ. ಇದು ಗಟ್ಟಿ" ಅಂದರು ಮೇಂಟೆನೆನ್ಸ್ ಸೂಪರ್‌ವೈಸರ್.

"ಗಾಳಿ ಯಾವ ಕಡೆ ಅಂತ ಇದರಲ್ಲಿ ಹೆಂಗ್ರೀ ಗೊತ್ತಾಗುತ್ತೆ?"

"ಇದು ಯಾವಾಗ್ಲೂ ಗೇಟ್ ಕಡೆ ತೋರಿಸುತ್ತೆ ಮೇಡಂ. ಹೆಂಗೂ ಎಲ್ರೂ ಓಡೋದು ಅಲ್ಲಿಗೇ ಅಲ್ವಾ?"

ಕೂಗುವ ಪೆಟ್ಟಿಗೆ

ಸಿಲಿಂಡರ್ ಶೆಡ್ಡಿನಲ್ಲಿ ಗೋಡೆಗೆ ಒಂದು ಪುಟ್ಟ ಪೆಟ್ಟಿಗೆ ಇದೆ. ಕ್ಲೋರಿನ್‌ನ ಸುಳಿವು ಸಿಕ್ಕರೆ ಕೀಂಯ್ ಅಂತ ಕೂಗಿಕೊಳ್ಳುತ್ತದೆ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಅದರ ಬಾಯಿಗೆ ಬೇಕರಿಯ ಪ್ಲಾಸ್ಟಿಕ್ ಕವರ್ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿದ್ದಾರೆ.

ಶೆಡ್ಡಿನ ಆಪರೇಟರ್ ಭದ್ರಾವತಿಯ ಓಲ್ಡ್ ಟೌನಿನವನು. ಐವತ್ತು ದಾಟಿದ, ತಮಾಷೆ ಸ್ವಭಾವದ ಮನುಷ್ಯ. ಅವನು ನಕ್ಕರೆ ಕ್ಯಾಂಟೀನಿಗೆ ಕೇಳುತ್ತಿತ್ತು. ಅವನನ್ನು ಕರೆದು ಕೇಳಿದೆ.

"ಒಂದೇ ಸಮ ಕೂಗ್ತಿತ್ತು ಮೇಡಂ, ತಲೆನೋವು. ಕೂಗಿದಾಗೆಲ್ಲ ಮೆಷಿನ್ ನಿಲ್ಲಿಸಬೇಕು, ನಿಲ್ಲಿಸಿದ್ರೆ ಮ್ಯಾನೇಜರ್ ಬೈತಾರೆ."

"ಸುಮ್ಮಸುಮ್ನೆ ಯಾಕಪ್ಪಾ ಕೂಗುತ್ತೆ?"

"ಸುಮ್ಮಸುಮ್ನೆ ಅಲ್ಲ ಮೇಡಂ, ಪಾಪ. ಗ್ಯಾಸ್ ಬಂದಾಗ ಮಾತ್ರ ಕೂಗುತ್ತೆ."

ಕವರ್ ಕಿತ್ತು ಹಾಕಿದೆ. ಪೈಪಿನ ಸೋರುವ ವಾಲ್ವ್ ಬದಲಾಯಿಸಿ ಅಂತ ಮ್ಯಾನೇಜರ್ ಹತ್ತಿರ ಕೂತು ಕೇಳಿದೆ, ನಿಂತು ಕೇಳಿದೆ. "ಮುಂದಿನ ತಿಂಗಳು" ಅಂದರು. ಅವರಿಗೆ ತಿಂಗಳುಗಳಿಗೇನು ಬರ ಇರಲಿಲ್ಲ.

ಊಟದ ಸೈರನ್

ನಮ್ಮಲ್ಲಿ ಊಟಕ್ಕೂ ಅಪಾಯಕ್ಕೂ ಒಂದೇ ಸೈರನ್. ಉದ್ದಕ್ಕೆ ಕೂಗಿದರೆ ಊಟ, ಬಿಟ್ಟು ಬಿಟ್ಟು ಕೂಗಿದರೆ ಅಪಾಯ. ಕಾಂಪೌಂಡಿನ ಹಿಂದಿನ ಮನೆಗಳವರಿಗೂ ಇದು ತಿಳಿದಿರಬೇಕು ಅಂತ ಅವರನ್ನೆಲ್ಲ ಸೇರಿಸಿ ಹೇಳಿಕೊಟ್ಟೆ. ಕೊನೆಗೆ ಮುಂದೆ ಕೂತಿದ್ದ ಅಜ್ಜಿಯನ್ನು ಕೇಳಿದೆ:

"ಉದ್ದಕ್ಕೆ ಕೂಗಿದ್ರೆ ಏನ್ಮಾಡ್ತೀರಿ ಅಜ್ಜಿ?"

"ಕುಕ್ಕರ್ ಇಡ್ತೀನಿ."

"ಬಿಟ್ಟು ಬಿಟ್ಟು ಕೂಗಿದ್ರೆ?"

"ಕರೆಂಟ್ ಹೋಗಿ ಬಂದು ಮಾಡ್ತಿದೆ ಅಂತ ಅರ್ಥ. ಆವಾಗ್ಲೂ ಕುಕ್ಕರ್ ಇಡ್ತೀನಿ, ಮಿಕ್ಸಿ ಹಾಕಲ್ಲ."

ಗಾಜು

ಆ ವಾಲ್ವ್ ಒಂದು ದಿನ ಮಧ್ಯಾಹ್ನ ಬಾಯಿ ಬಿಟ್ಟಿತು. ಪೆಟ್ಟಿಗೆ ಕೂಗಿತು. ಸೈರನ್ ಬಿಟ್ಟು ಬಿಟ್ಟು ಕೂಗಿತು. ಜನ ಕೈ ತೊಳೆದುಕೊಂಡು ಕ್ಯಾಂಟೀನಿನಲ್ಲಿ ಸಾಲು ನಿಂತರು.

ವಾಲ್ವ್ ಮುಚ್ಚಲು ಒಳಗೆ ಹೋಗುವವರಿಗೆ ಮಾಸ್ಕ್ ಬೇಕು. ನಮ್ಮಲ್ಲಿ ಒಳ್ಳೆಯ ಮಾಸ್ಕುಗಳೇ ಇದ್ದವು, ಬಂದವರಿಗೆಲ್ಲ ಕಾಣಲಿ ಅಂತ ಮುಂದಿನ ಆಫೀಸಿನ ಗಾಜಿನ ಬೀರುವಿನಲ್ಲಿ, ಬೀಗ ಹಾಕಿ. ಬೀಗದ ಕೈ ಇದ್ದ ಸ್ಟೋರ್ ಕೀಪರ್, ತಮ್ಮ ಭಾವನನ್ನು ವಿಮಾನ ಹತ್ತಿಸಲು ಸೋಗಾನೆಯ ಏರ್‌ಪೋರ್ಟಿಗೆ ಹೋಗಿದ್ದರು. ನಾನು ಕುರ್ಚಿ ಎತ್ತಿ ಗಾಜಿಗೆ ಹೊಡೆದೆ, ಮಾಸ್ಕ್ ಹಿಡಿದು ಶೆಡ್ಡಿಗೆ ಓಡಿದೆ.

ಅಷ್ಟರಲ್ಲಿ ಆಪರೇಟರ್ ಒದ್ದೆ ಟವೆಲ್ ಮುಖಕ್ಕೆ ಸುತ್ತಿಕೊಂಡು ಒಳಗೆ ನುಗ್ಗಿ ವಾಲ್ವ್ ತಿರುಗಿಸಿ ಮುಚ್ಚಿ, ಮಂಡಿಯೂರಿ ಹೊರಗೆ ಬಂದಿದ್ದ. ಕಣ್ಣು ಕೆಂಡ. ಬಾಯಲ್ಲಿ ನೊರೆ. ನನ್ನ ಸೆರಗು ಹಿಡಿದುಕೊಂಡು ಏನೋ ಹೇಳಲು ನೋಡಿದ, ಗಾಳಿ ಸಿಗಲಿಲ್ಲ. ಆಂಬುಲೆನ್ಸಿನಲ್ಲಿ ಅವನ ಕೈ ಹಿಡಿದು ಕೂತಾಗ, ಇವನು ಸತ್ತರೆ ಇವನ ಹೆಂಡತಿಗೆ ಏನು ಹೇಳಲಿ ಅನ್ನುವುದೊಂದೇ ತಲೆಯಲ್ಲಿತ್ತು.

ಆಗ ಮ್ಯಾನೇಜರ್ ಫೋನ್ ಬಂತು. ದನಿ ನಡುಗುತ್ತಿತ್ತು.

"ಮೇಡಂ, ಆ ಗಾಜು ಒಡೆದಿದ್ದು ಯಾರು?"

ಚಟ

ಶಿವಮೊಗ್ಗದ ಆಸ್ಪತ್ರೆಯಲ್ಲಿ ಅವನು ಸಾವಿನ ಬಾಗಿಲಿಗೆ ಹೋಗಿ ವಾಪಸ್ಸು ಬಂದ. ವಾರ್ಡಿಗೆ ಹಾಕಿದ ದಿನ ಮ್ಯಾನೇಜರ್ ಸೇಬು ತಗೊಂಡು ನೋಡಲು ಬಂದರು. ಅದೇ ಹೊತ್ತಿಗೆ ಡಾಕ್ಟರೂ ಬಂದರು.

"ಶ್ವಾಸಕೋಶ ತುಂಬಾ ಹಾಳಾಗಿದೆ. ಬೀಡಿ, ಸಿಗರೇಟು ಏನಾದ್ರೂ ಅಭ್ಯಾಸ ಇತ್ತಾ?"

ಮ್ಯಾನೇಜರ್ ಮುಖದಲ್ಲಿ ಆಸೆ ಮೂಡಿತು. "ಹೇಳಮ್ಮಾ, ಡಾಕ್ಟ್ರ ಹತ್ರ ಮುಚ್ಚಿಡಬಾರದು. ಏನಾದ್ರೂ ಚಟ ಇತ್ತಾ?"

ಹಾಸಿಗೆಯ ಪಕ್ಕ ನಿಂತಿದ್ದ ಅವನ ಹೆಂಡತಿ ಸೇಬಿನ ಚೀಲ ಕೆಳಗಿಟ್ಟಳು.

"ಒಂದಿತ್ತು ಡಾಕ್ಟ್ರೇ. ದಿನಾ ಇವರ ಫ್ಯಾಕ್ಟ್ರಿಗೆ ಹೋಗ್ತಿದ್ರು."

ಮೈಕು

ಗ್ಯಾಸಿನ ಹತ್ತಿರ ಹೋಗಕೂಡದು, ಭಾರ ಎತ್ತಕೂಡದು ಅಂತ ಡಾಕ್ಟರ್ ಬರೆದುಕೊಟ್ಟರು. ಆ ದೊಡ್ಡ ನಗು ಹೋಗಿತ್ತು. ಉಳಿದದ್ದು ಒಂದು ಕೀರಲು ದನಿ, ನಡುನಡುವೆ ಕೆಮ್ಮು. ಕೂತು ಮಾಡುವ ಕೆಲಸ ಏನಿದೆ ಅಂತ ಹುಡುಕಿದ ಮ್ಯಾನೇಜರ್, ಅವನನ್ನು ಪ್ರಕಟಣೆ ಹೇಳುವ ಮೈಕಿನ ಮುಂದೆ ಕೂರಿಸಿದರು!

ಮುಂದೆ ಒಂದು ಅಣಕು ಪ್ರದರ್ಶನ ಇಟ್ಟುಕೊಂಡೆವು. ನೋಡಲು ಕಾರ್ಖಾನೆಗಳ ಇಲಾಖೆಯ ಸಾಹೇಬರು ಬಂದು ಶಾಮಿಯಾನದ ಕೆಳಗೆ ಕೂತರು. ಮೈಕಿನಲ್ಲಿ "ಕ್ಲೋರಿನ್ ಸೋರಿದೆ, ಎಲ್ಲರೂ ಹೊರಗೆ ಬನ್ನಿ, ಇದು ಅಣಕು ಪ್ರದರ್ಶನ ಮಾತ್ರ" ಅಂತ ಹೇಳಬೇಕಿತ್ತು.

"ಕ್ಲೋರಿನ್ ಸೋರಿದೆ... ಎಲ್ರೂ ಹೊರಗೆ..." ಅಂದ. ಕೆಮ್ಮು ಹತ್ತಿಕೊಂಡಿತು. ಮೈಕಿನಲ್ಲಿ ಆ ಕೆಮ್ಮು, ಆ ಏದುಸಿರು, ಇಡೀ ಕಾರ್ಖಾನೆಗೆ ಕೇಳಿತು. ಎಲ್ಲರೂ ಓಡಿದರು ನೋಡಿ! ಪ್ಯಾಕಿಂಗಿನ ಹೆಂಗಸರು, ಕ್ಯಾಂಟೀನಿನ ಭಟ್ಟರು, ಲಾರಿ ಡ್ರೈವರುಗಳು. ಸಾಹೇಬರು ಒಂದೇ ಶೂನಲ್ಲಿ ಓಡಿದರು. ಮ್ಯಾನೇಜರ್ ಸಾಹೇಬರನ್ನೇ ಹಿಂದೆ ಹಾಕಿದರು. ನಾನೂ ಓಡಿದೆ. ಅರ್ಧ ದಾರಿಯಲ್ಲಿ ನೆನಪಾಯಿತು, ಇದನ್ನು ಏರ್ಪಾಟು ಮಾಡಿದವಳು ನಾನೇ.

ವಿಷಯ ತಿಳಿದ ಮೇಲೆ ಮ್ಯಾನೇಜರ್ ಮೈಕಿನ ಕೋಣೆಗೆ ಬಂದರು. ಇನ್ನೂ ಏದುಸಿರು ಬಿಡುತ್ತಿದ್ದರು.

"ಏನ್ ಮಾರಾಯ, ಎಲ್ರ ಜೀವಾನೂ ಬಾಯಿಗೆ ತಂದ್ಯಲ್ಲೋ! ಮುಂದಿನ ಸಲ ಕೆಮ್ಮಬೇಡ, ಗೊತ್ತಾಯ್ತಾ?"

ಆಪರೇಟರ್ ಕಣ್ಣು ಒರೆಸಿಕೊಂಡು, ಉಸಿರು ಕೂಡಿಸಿಕೊಂಡು ಹೇಳಿದ:

"ಹೇಳಿದ್ರೆ ನಿಲ್ಲೋ ಹಂಗಿದ್ರೆ ಸಾರ್, ನಮ್ಮನೆಯವಳು ಎಂದೋ ನಿಲ್ಲಿಸಿರೋಳು."